ಕೊನೆಯ ಪೀರಿಯಡ್ಡಿನ ಗಣಿತ

ಆಗೆಲ್ಲ ಮಸ್ಕತ್ತಿನಲ್ಲಿ ನಮ್ಮಂಥ ಮಕ್ಕಳಿಗೆ ಬೆಳಗಾಗುತ್ತಿದ್ದುದು ಸ್ಕೂಲ್ ವ್ಯಾನಿನ ಹಾರ್ನಿನಿಂದ. ಮನೆಯಿದ್ದ ಅಲ್ ಅಜೈಬಾದಿಂದ ಶಾಲೆಯಿದ್ದ ದಾರ್ಸೈಟಿಗೆ ಹೋಗುವ ವ್ಯಾನು ಕತ್ತಲಿರುವಾಗಲೇ ಬರುತ್ತಿತ್ತು. ಕಾಯಿಬೆಲ್ಲ ಹಾಕಿ ಸುತ್ತಿದ ನೀರುದೋಸೆಯನ್ನು ಅಮ್ಮ ಕೈಗೆ ತುರುಕುತ್ತಿದ್ದಳು. ವ್ಯಾನಿನ ಡೀಸೆಲ್ ವಾಸನೆಗೆ ಅದು ಗಂಟಲಿಂದ ಇಳಿಯುತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಗಣಿತ ದಿನಾ ಕೊನೆಯ ಪೀರಿಯಡ್. ಅಷ್ಟು ಹೊತ್ತಿಗೆ ಏಸಿಯೂ ಸೋತಿರುತ್ತಿತ್ತು, ನಾನೂ ಸೋತಿರುತ್ತಿದ್ದೆ. ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಮೊದಲ ಟೆಸ್ಟಿನಲ್ಲೇ ಫೇಲಾದೆ.

"ವರ್ಷದ ಪರೀಕ್ಷೆಗೂ ಹೀಗೇ ಆದ್ರೆ ಮಂಗಳೂರು ಹಾಸ್ಟೆಲ್. ಖಲಾಸ್!" ಎಂದರು ಅಪ್ಪ.

"ಪೀರಿಯಡ್ ಲಾಸ್ಟಿಗೆ ಉಂಟಪ್ಪ, ನಿದ್ದೆ ಬರ್ತದೆ."

"ಕುಣೀಲಿಕ್ಕೆ ಬಾರದವಳಿಗೆ ಅಂಗಳ ಡೊಂಕಂತೆ!"

ಹಾಸ್ಟೆಲ್ ಎಂದರೆ ನನಗೆ ಜೀವ ಹೋದಂತೆ. ತಮ್ಮ ಧನು ಆಗಷ್ಟೇ ನಡೆಯಲು ಕಲಿತಿದ್ದ. ನಾನು ಪಕ್ಕದಲ್ಲಿಲ್ಲದೆ ಅವನು ಮಲಗುತ್ತಲೇ ಇರಲಿಲ್ಲ.

ರಮ್ಜಾನ್ ಬಂತು. ಆ ತಿಂಗಳು ಶಾಲೆ ತಡವಾಗಿ ಶುರು, ಪೀರಿಯಡ್ಡುಗಳು ಚಿಕ್ಕವು, ಟೈಮ್‌ಟೇಬಲ್ ಬೇರೆ. ಗಣಿತ ಮೊದಲಿಗೇ! ಅಯ್ಯೋ ದೇವರೇ, ಅದೇ ಟೀಚರು, ಅದೇ ಪುಸ್ತಕ, ಆದರೆ ಲೆಕ್ಕ ತಲೆಗೆ ಹೋಗತೊಡಗಿತು. ಟೆಸ್ಟಿನಲ್ಲಿ ಪಾಸಾದೆ. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಈದ್ ರಜೆ ಮುಗಿಯಿತು, ಹಳೇ ಟೈಮ್‌ಟೇಬಲ್ ಮರಳಿತು. ಟೈಮ್‌ಟೇಬಲ್ ಹಾಕುವ ಸೂಪರ್‌ವೈಸರ್ ಮೇಡಂ ಉಡುಪಿಯವರು. ಅವರ ಮುಂದೆ ನಿಂತು ನಾಚಿಕೆ ಬಿಟ್ಟು ಅತ್ತೆ.

"ಮೇಡಂ, ಗಣಿತ ಬೆಳಿಗ್ಗೆಗೆ ಹಾಕಿ ಪ್ಲೀಸ್. ಇಲ್ಲದಿದ್ರೆ ನನ್ನನ್ನು ಊರಿಗೆ ಕಳಿಸ್ತಾರೆ."

"ಎಂತ ಮಾಡುದು ಮಗಾ? ಬೋರ್ಡ್ ಎಕ್ಸಾಮ್ ಅಂತ ಹತ್ತನೆಯವರಿಗೆ ಬೆಳಿಗ್ಗೆ ಕೊಡ್ಲೇಬೇಕು. ಮುಂದಿನ ವರ್ಷ ನಿಂಗೂ ಬೆಳಿಗ್ಗೆಯೇ ಸಿಗ್ತದಲ್ಲ."

ಮುಂದಿನ ವರ್ಷದವರೆಗೆ ಉಳಿಯುವುದು ಹೇಗೆಂದು ಯಾರೂ ಹೇಳಲಿಲ್ಲ. ತೊಡೆ ಚಿವುಟಿಕೊಂಡೆ, ಹಸಿಮೆಣಸು ಕಚ್ಚಿದೆ. ಸಂಜೆ ಮಕ್ಕಳೆಲ್ಲ ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುವಾಗ ಒಬ್ಬಳೇ ಪುಸ್ತಕದ ಮುಂದೆ ಕೂತು ಬಿಕ್ಕಿದೆ. ಏನು ಮಾಡಿದರೂ ವರ್ಷದ ಪರೀಕ್ಷೆಯಲ್ಲಿ ಫೇಲಾದೆ. "ಇದೊಂದು ಸಲ ನೋಡುವ, ಅಲ್ವಾ?" ಎಂದು ಅಮ್ಮ ಬೇಡಿಕೊಂಡಳು. ಅಪ್ಪ ಸೂಟ್‌ಕೇಸ್ ಕೆಳಗಿಳಿಸಿದರು.

ಮಂಗಳೂರಿನ ಶಾಲೆಯಲ್ಲಿ ಗಣಿತ ಮೊದಲ ಪೀರಿಯಡ್. ಒಳ್ಳೆಯ ಮಾರ್ಕೇ ಬಂತು, ಹಾಗಾಗಿ ಕಾಲೇಜಿಗೂ ಅಲ್ಲೇ ಉಳಿಸಿದರು. ಹಾಸ್ಟೆಲಿನ ಶಿಸ್ತು ಮಗಳನ್ನು ದಾರಿಗೆ ತಂದಿತೆಂದು ಅಪ್ಪ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಧನುವಿನ ಮೊದಲ ಹಲ್ಲು ಬಿದ್ದದ್ದು, ಅವನು ಸೈಕಲ್ ಕಲಿತದ್ದು, ಯಾವುದನ್ನೂ ನಾನು ನೋಡಲಿಲ್ಲ. ಈಗ ಅವನಿಗೆ ಮೀಸೆ ಬಂದಿದೆ. ಹಬ್ಬಕ್ಕೊಮ್ಮೆ ಅಮ್ಮ ಬಲವಂತವಾಗಿ ಫೋನು ಕೊಟ್ಟಾಗ, ದೂರದ ನೆಂಟರನ್ನು ಕೇಳುವಂತೆ ಇಂಗ್ಲಿಷಿನಲ್ಲಿ ನನ್ನ ಕ್ಷೇಮ ಕೇಳಿ, ಬೇಗ ಫೋನನ್ನು ಅವಳಿಗೇ ಹಿಂತಿರುಗಿಸುತ್ತಾನೆ.