ಕೂಸಿಗೆ ಎರೆಯುವಾಗ ಬಂದ ಮೇಡಂ

ಕೂಸು ನಮ್ಮದಾಯಿತು! ಕೋರ್ಟಿನವರೇ ಹೇಳಿದರು, ಇನ್ನು ಯಾರೂ ಅದನ್ನು ನಮ್ಮ ಮಡಿಲಿನಿಂದ ಎತ್ತಿಕೊಂಡು ಹೋಗುವ ಹಾಗಿಲ್ಲ. ಫೋನಿನಲ್ಲಿ ಆ ಮಾತು ಕೇಳಿ ನಾನು ಅತ್ತೆನೋ ನಕ್ಕೆನೋ, ಇವತ್ತಿಗೂ ಹೇಳಲಾರೆ.

ಇದು ೧೯೯೬ರ ಮಾತು. ಮಗ ಬಸವರಾಜನಿಗೆ ಕತಾರಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಅಲ್ ವಕ್ರಾದಲ್ಲಿ ಮನೆ. ಅವನಿಗೂ ಸೊಸೆ ಶೋಭಾಗೂ ಮಕ್ಕಳಿರಲಿಲ್ಲ. ನಮ್ಮ ಕಡೆಯ ಒಂದು ಅನಾಥಾಶ್ರಮದವರು ಕೋರ್ಟಿಗೆ ತಿಳಿಸಿ, ಐದು ತಿಂಗಳ ಹೆಣ್ಣು ಕೂಸನ್ನು ಮೊದಲೇ ಇವರ ಕೈಗೆ ಕೊಟ್ಟರು. ಆದರೆ ದತ್ತಕದ ತೀರ್ಪು ಬಾಕಿ ಇತ್ತು. ಕೋರ್ಟು ಬೇಡ ಎಂದರೆ ಕೂಸನ್ನು ತಿರುಗಿ ಒಪ್ಪಿಸಬೇಕು. ಅದನ್ನು ನೋಡಿಕೊಳ್ಳಲು ನಾನೂ ಯಜಮಾನರೂ ಊರಿನಿಂದ ಇವರ ಜೊತೆಗೆ ಕತಾರಿಗೆ ಬಂದಿದ್ದೆವು.

ಕೂಸು ಹೇಗಿದೆ ಎಂದು ನೋಡಿ ಕೋರ್ಟಿಗೆ ಬರೆಯಲು ದೋಹಾದಿಂದ ಒಬ್ಬ ಇಂಗ್ಲಿಷ್ ಮೇಡಂ ಬರುವವರಿದ್ದರು. ಸಂಜೆ ಅಂದವರು ಬೆಳಿಗ್ಗೆಯೇ ಬಂದುಬಿಟ್ಟರು! ನಾನು ಬಾತ್‌ರೂಮಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಬೋರಲು ಹಾಕಿಕೊಂಡು ಎರೆಯುತ್ತಿದ್ದೆ. ಕೈಕಾಲು ತೀಡಿದಂತೆಲ್ಲ ಅದು ಬಿಲ್ಡಿಂಗಿಗೇ ಕೇಳುವ ಹಾಗೆ ಚೀರುತ್ತಿತ್ತು. ಬಾಗಿಲಲ್ಲಿ ನಿಂತ ಮೇಡಂ ಮುಖ ಬಿಳಿಚಿಕೊಂಡಿತು.

"ಅತ್ತೀ, ಸಾಕ್ ಬಿಡ್ರಿ! ಕೂಸಿನ್ನ ಹೊಡ್ಯಾಕತ್ತೀರಿ ಅಂತ ತಿಳ್ಕೋತಾರ!" ಎಂದಳು ಶೋಭಾ.

"ಮೈತುಂಬ ಕಡ್ಲಿಹಿಟ್ಟು ಹಚ್ಚೀನಿ, ನಡುವ ಹೆಂಗ ಬಿಡ್ಲೇ?" ಎಂದು ಇನ್ನೆರಡು ಚೊಂಬು ಸುರಿದೆ.

ಮೈ ಒರೆಸಿ, ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಹಿಡಿಯಲು ಹೋದೆ. ಮೇಡಂ "ನೋ, ನೋ!" ಎನ್ನುತ್ತ ಓಡಿ ಬಂದರು. ಮುಗೀತು, ಕೂಸು ಹೋಯಿತು ಅಂದುಕೊಂಡೆ. ಕೂಡಲೇ ಕೆಂಡದ ಮೇಲೆ ನೀರು ಸುರಿದು ಕೈಮುಗಿದೆ. "ಹೊಗಿ ಬ್ಯಾಡಂದ್ರ ಬ್ಯಾಡ್ರೀ ತಾಯಿ. ಕೂಸಿನ್ನ ಮಾತ್ರ ಒಯ್ಯಬ್ಯಾಡ್ರಿ."

ರಜೆ ಹಾಕಿ ಮನೆಯಲ್ಲಿದ್ದ ಬಸವರಾಜ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟರಲ್ಲಿ ಶೋಭಾ ಕೂಸನ್ನು ಎತ್ತಿಕೊಂಡಿದ್ದಳು. ಅದು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ, ಒಂದು ಆಕಳಿಕೆ ತೆಗೆದು, ಅಲ್ಲೇ ನಿದ್ದೆ ಹೋಯಿತು. ಮೇಡಂ ಹತ್ತಿರ ಬಂದು ಅದರ ಅಂಗಾಲು ಮುಟ್ಟಿದರು. ಅದು ಮಿಸುಕಲಿಲ್ಲ.

"ನನ್ನ ಮಕ್ಕಳು ಒಂದು ದಿನವೂ ಹೀಗೆ ಮಲಗಲಿಲ್ಲ" ಎಂದು ನಕ್ಕರು. ಅದನ್ನು ಬಸವರಾಜ ಆಮೇಲೆ ನನಗೆ ತಿಳಿಸಿ ಹೇಳಿದ.

ಆದರೂ ಅವರು ಏನು ಬರೆಯುತ್ತಾರೋ ಎಂಬ ಭಯ. "ಇನ್ನೊಮ್ಮೆ ಯಾರರ ಬರ್ತಾರಂದ್ರ ನೀ ಮೊದಲ ಊರಿಗೆ ಹೋಗಿ ಕುಂಡ್ರು" ಎಂದು ಯಜಮಾನರು ಚುಚ್ಚುತ್ತಿದ್ದರು. ಫೋನ್ ರಿಂಗಾದರೆ ಸಾಕು, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಹೀಗೇ ಎರಡು ತಿಂಗಳು ಕಳೆದ ಮೇಲೆ ಆಶ್ರಮದ ಫೋನ್ ಬಂತು. ಮೇಡಂ ಒಳ್ಳೆಯದನ್ನೇ ಬರೆದಿದ್ದರು. ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ಆ ಸಂಜೆ ಹೋಳಿಗೆ ಮಾಡಿದೆ. ಎಲ್ಲರೂ ಸುತ್ತುಗಟ್ಟಿ ನೆಲದ ಮೇಲೆ ಕೂತೆವು. ನನ್ನ ತೊಡೆಯ ಮೇಲಿದ್ದ ಕೂಸು ಯಜಮಾನರ ತಾಟಿಗೆ ಕೈಹಾಕಿ ತುಪ್ಪವನ್ನೆಲ್ಲ ಕಲಸಿಬಿಟ್ಟಿತು.

"ಉಣ್ಣವ್ವಾ, ಉಣ್ಣು. ನಿಂದ ಮನಿ ಐತಿ" ಎಂದರು ಅವರು. ಆಮೇಲೆ ಅದೇ ತಾಟಿನಲ್ಲಿ ಅವರೂ ಉಂಡರು, ನಾವೆಲ್ಲ ಹೊಟ್ಟೆ ತುಂಬ ಉಂಡೆವು.