ನಳಿನಿಗೆ ಮಾತು ಕೊಟ್ಟವರು

ನಾನು ಮೈಕ್ ಹಿಡಿದು “ನ... ನ... ನಳಿ...” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಾಮರಾಜಪುರಂನ ಚಿಕ್ಕ ಸಭಾಂಗಣದಲ್ಲಿ ನನ್ನ ಮೆಚ್ಚಿನ ಕಾದಂಬರಿಗಾರ್ತಿಯೊಡನೆ ಓದುಗರ ಸಂವಾದ ನಡೆದಿತ್ತು. ಅವರ ಕಥಾನಾಯಕಿ ನಳಿನಿಗೂ ನನ್ನಂತೆಯೇ ಉಗ್ಗು. ತನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ “ನಾನು ಮಾತು ಮುಗಿಸುವವರೆಗೆ ಕಾಯಬೇಕು” ಎಂದು ಹೇಳುವ ಆ ಹುಡುಗಿಯೆಂದರೆ ನನಗೆ ಪ್ರಾಣ. ಮೊದಲ ಪ್ರಶ್ನೆ ನನ್ನದು; ಅವಳು ನಿಮಗೆ ಎಲ್ಲಿ ಸಿಕ್ಕಳು ಎಂದು ಕೇಳಬೇಕಿತ್ತು.

“ನಳಿನಿ ಬಗ್ಗೆ ತಾನೇ? ಕೂತ್ಕೊಳ್ಳಿ, ನಾನೇ ಕೇಳ್ತೀನಿ” ಎಂದರು ನಿರೂಪಕರು. ಮುಖ ಬಿಸಿಯಾಗಿ ನಾನು ಕೂರಲು ಹೊರಟೆ.

“ಬೇ... ಬೇಡ. ಅ... ಅವರೇ ಕೇಳ್ಲಿ” ಎಂದಿತು ವೇದಿಕೆಯಿಂದ ಒಂದು ದನಿ. ಲೇಖಕಿಯದೇ! ಎಪ್ಪತ್ತು ದಾಟಿದ ಅವರು ತಮ್ಮ ಭಾಷಣವನ್ನೂ ನಿರೂಪಕರಿಂದ ಓದಿಸಿದ್ದೇಕೆಂದು ಆಗ ತಿಳಿಯಿತು. ನಾನು ನಿಧಾನವಾಗಿ ಪ್ರಶ್ನೆ ಮುಗಿಸಿದೆ.

“ಅವಳು ನಾನೇ ಕಣಮ್ಮ” ಎಂದರು ತಡೆತಡೆದು. “ಆದ್ರೆ ನನ್ನ ನೋಡೋಕೆ ಬಂದಾಗ ನಾನು ಬಾಯೇ ಬಿಡ್ಲಿಲ್ಲ. ಮೂಗಿ ಅಂದ್ಕೊಂಡು ಎದ್ದು ಹೋಗ್ಬುಟ್ರು. ಅವತ್ತು ನುಂಗಿದ್ದನ್ನೆಲ್ಲ ಅವಳ ಬಾಯಲ್ಲಿ ಆಡಿಸ್ದೆ.”

ಬೋಗಾದಿಯಲ್ಲಿರುವ ಮಗಳ ಶಾಲೆಯ ಪೋಷಕರ ಸಭೆಗೆ ನಾನು ಇಷ್ಟು ವರ್ಷ ಗಂಡನನ್ನೇ ಕಳಿಸುತ್ತಿದ್ದೆ. ಮರುವಾರ ನಾನೇ ಹೋದೆ. ಹೇಳಬೇಕಾದ ಎರಡು ಮಾತಿಗೆ ತುಂಬಾ ಹೊತ್ತು ಹಿಡಿಯಿತು. ಟೀಚರ್ ಪೂರ್ತಿ ಕೇಳಿಸಿಕೊಂಡರು.