ಮೊದಲನೆಯದು ಗೋಡೆಗೆ

ಈ ಸಲದ ಸಂಕ್ರಾಂತಿಗೆ ನಮ್ಮ ಮನೆಗೆ ಬಂದ ಸಕ್ಕರೆ ಅಚ್ಚಿನ ಗಿಳಿಗೆ ಕೊಕ್ಕಿರಲಿಲ್ಲ. ಎಳ್ಳುಬೆಲ್ಲದ ತಟ್ಟೆಯಲ್ಲಿ, ಕಬ್ಬಿನ ತುಂಡಿಗೆ ಒರಗಿಕೊಂಡು, ನೆಗಡಿ ಹಿಡಿದವರ ಹಾಗೆ ಮುಖ ಊದಿಸಿಕೊಂಡು ಕೂತಿತ್ತು. ರೆಕ್ಕೆಯ ಗೆರೆಗಳು ಮಾಸಿದ್ದವು, ಬಾಲದ ತುದಿ ಮುಕ್ಕಾಗಿತ್ತು. ನನ್ನ ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪಾಪ, ಗಿರಿಜಮ್ಮ ಈ ವರ್ಷ ಹಳೇ ಮರದಚ್ಚಲ್ಲೇ ಮಾಡಿದಾರೆ" ಎಂದಳು. ಆ ಗಿಳಿಯನ್ನು ಬಾಯಿಗೆ ಹಾಕಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಏಕೆಂದು ಹೇಳಬೇಕಾದರೆ ನಡೆದದ್ದನ್ನು ನಡೆದ ಕ್ರಮದಲ್ಲೇ, ನಿಧಾನವಾಗಿ ಹೇಳಬೇಕು.

ಗಿರಿಜಮ್ಮನವರ ಅಂಗಡಿ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ. ಅವರ ಮಾವ ಸಕ್ಕರೆ ಅಚ್ಚಿಗೆ ಬೇಕಾದ ಮರದ ಅಚ್ಚುಗಳನ್ನು ಕೆತ್ತುತ್ತಿದ್ದವರು. ಪೇಟೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅವರ ಕೈಯ ಆನೆ, ಕುದುರೆ, ತುಳಸಿಕಟ್ಟೆಗಳೇ ಪ್ರತಿ ಜನವರಿಗೆ ಅಟ್ಟದಿಂದ ಇಳಿಯುತ್ತವೆ. ಮಾವ ತೀರಿಕೊಂಡ ಮೇಲೆ ಉಳಿ ಹಿಡಿಯುವವರಿಲ್ಲದೆ ಅಂಗಡಿ ಮುಚ್ಚುವುದರಲ್ಲಿತ್ತು. ಆಗ ಐವತ್ತರ ಹತ್ತಿರದ ಈ ಹೆಂಗಸು, ಯಾರಿಗೂ ಹೇಳದೆ, ಮಲ್ಲೇಶ್ವರದಲ್ಲಿ ಯಾರೋ ನಡೆಸುತ್ತಿದ್ದ ತರಗತಿಗೆ ಮೂರು ತಿಂಗಳು ಬಸ್ಸಿನಲ್ಲಿ ಹೋಗಿ ಬಂದು ಒಂದು ತ್ರೀಡಿ ಪ್ರಿಂಟರ್ ತಂದಿಟ್ಟರು.

ನೀವು ಅದನ್ನು ನೋಡಿಲ್ಲದಿದ್ದರೆ ಒಮ್ಮೆ ನೋಡಬೇಕು. ಟ್ರಂಕಿನಷ್ಟು ದೊಡ್ಡ ಚೌಕಟ್ಟು, ಅದರೊಳಗೆ ಅತ್ತಿತ್ತ ಓಡಾಡುವ ಒಂದು ಬಿಸಿ ಮೂತಿ. ಜಿಲೇಬಿಯವನು ಬಾಣಲೆಯ ಮೇಲೆ ಬಟ್ಟೆ ಹಿಂಡುತ್ತಾ ಸುತ್ತುವ ಹಾಗೆ, ಆ ಮೂತಿ ಕರಗಿದ ಪ್ಲಾಸ್ಟಿಕ್ಕನ್ನು ಎಳೆಯ ಮೇಲೆ ಎಳೆಯಾಗಿ ಸುತ್ತುತ್ತದೆ. ಎರಡು ಮೂರು ಗಂಟೆ ಸುಮ್ಮನೆ ಕೂತರೆ ಏನೂ ಇಲ್ಲದ ಜಾಗದಲ್ಲಿ ಒಂದು ಗಿಳಿ ಪಾದದಿಂದ ಕೊಕ್ಕಿನವರೆಗೆ ಬೆಳೆದು ನಿಂತಿರುತ್ತದೆ. ಆ ಗಿಳಿಯ ಸುತ್ತ ಗಿರಿಜಮ್ಮ ರಬ್ಬರಿನಂಥ ಸಿಲಿಕೋನ್ ಸುರಿದು ಅಚ್ಚು ತೆಗೆದು ಹಬ್ಬಕ್ಕೆ ಮಾರುತ್ತಾರೆ. ಪ್ಲಾಸ್ಟಿಕ್ಕಿಗೇ ಕಾದ ಪಾಕ ಹೊಯ್ದರೆ ಅದು ಬಾಗಿಹೋಗುತ್ತದೆ ಎಂದು ಮೊದಲ ವರ್ಷವೇ ಕಲಿತರಂತೆ. ನನ್ನ ಪರಿಚಯ ಆದದ್ದು ಮಿಕ್ಸಿಯ ಮುಚ್ಚಳದಿಂದ. ಅದರ ಕೊಂಡಿ ಮುರಿದಿತ್ತು, ಕಂಪನಿಯವರು ಆ ಮಾದರಿ ನಿಲ್ಲಿಸಿ ಹತ್ತು ವರ್ಷವಾಯಿತೆಂದರು. ಗಿರಿಜಮ್ಮ ಮುರಿದ ಚೂರುಗಳನ್ನು ಕೂಡಿಸಿ ಅಳೆದು, ಮರುದಿನ ಹೊಸ ಕೊಂಡಿ ಕೈಗಿಟ್ಟರು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಮುದ್ರೆ ಒತ್ತಿದವನು. ಅಷ್ಟು ಸರಿಯಾಗಿ ಕೂತ ವಸ್ತುವನ್ನು ಕಂಡರೆ ನನಗೆ ಸಂಗೀತ ಕೇಳಿದಷ್ಟು ಸಂತೋಷ. ಅಂದಿನಿಂದ ಬೆಳಗಿನ ನಡಿಗೆ ಮುಗಿಸಿ ಅವರ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂರುವುದು ನನ್ನ ದಿನಚರಿಯಾಯಿತು. "ಬಂದ್ರಪ್ಪಾ ಇನ್‌ಸ್ಪೆಕ್ಟರು, ತಕ್ಕಡಿ ಬಚ್ಚಿಡ್ರೀ" ಎಂದು ಗಿರಿಜಮ್ಮ ಒಳಗಿದ್ದ ಗಂಡನಿಗೆ ಕೂಗುತ್ತಿದ್ದರು.

ಆ ಅಂಗಡಿಯಲ್ಲಿ ಮಾವನ ಕಾಲದ ಒಂದು ಪದ್ಧತಿ ಇದೆ. ಯಾವುದೇ ಹೊಸ ಕೆಲಸದಲ್ಲಿ ಮೊದಲು ಮೂಡಿದ ವಸ್ತುವನ್ನು ಗಿರಾಕಿಗೆ ಕೊಡುವುದಿಲ್ಲ, ಗೋಡೆಯ ಮೊಳೆಗೆ ತಗುಲಿಸುತ್ತಾರೆ. ಗಿರಾಕಿಗೆ ಸಿಗುವುದು ಎರಡನೆಯದು. ಒಬ್ಬ ಗಿರಾಕಿಗೆ ಒಂದೇ ಮೊಳೆ. ಅವರು ಎಷ್ಟು ಸಲ ಬಂದರೂ ಅದೇ ಮೊಳೆ. ವಸ್ತುವಿಗೆ ದಾರ ಕಟ್ಟಿ ಒಂದು ಚೀಟಿ, ಚೀಟಿಯಲ್ಲಿ ಹೆಸರು ಮತ್ತು ಅದು ಯಾತಕ್ಕೆ ಎಂಬುದು. ಮಾವ ಮೇಣದಲ್ಲಿ ಒತ್ತಿ ಇಟ್ಟಿದ್ದ ಆನೆಗಳ ಪಕ್ಕದಲ್ಲೇ ಈಗ ಕುಕ್ಕರಿನ ಹಿಡಿ, ತಂಬೂರಿಯ ಬಿರಡೆ, ಯಾರದೋ ಮೂಕವಾಗಿದ್ದ ರೇಡಿಯೋದ ತಿರುಪು, ನನ್ನ ಮಿಕ್ಸಿಯ ಕೊಂಡಿ. ಎಷ್ಟು ಮನೆಗಳ ಎಷ್ಟು ಪುಟ್ಟ ಸಂಕಟಗಳು ಅಲ್ಲಿ ಪರಿಹಾರವಾಗಿ ನೇತಾಡುತ್ತಿವೆ ಎಂದು ಆ ಗೋಡೆಯನ್ನು ನೋಡುತ್ತಾ ಅಂದುಕೊಳ್ಳುತ್ತಿದ್ದೆ.

ಡಿಸೆಂಬರಿನ ನಡುವಿನಲ್ಲಿ ಒಬ್ಬ ಹೊಸ ಗಿರಾಕಿ ಬಂದ. ವಯಸ್ಸು ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟು ಬಂದದ್ದನ್ನು ಕಂಡು ಗಿರಿಜಮ್ಮನಿಗೆ ಖುಷಿಯಾಯಿತು. ಸುರೇಶ್ ಎಂದು ಹೆಸರು ಬರೆಸಿದ. ಫೋನಿನಿಂದ ಫೈಲು ಕಳಿಸಿ, ಮಿಕ್ಸಿಯ ಭಾಗ ಎಂದ. ಕೆಲವು ದಿನ ಬಿಟ್ಟು ಇನ್ನೊಂದು ಕಳಿಸಿ, ಕ್ಯಾಮೆರಾದ ಹಿಡಿ ಎಂದ. ಎರಡನ್ನೂ ತೆಗೆದುಕೊಂಡು ಹೋದ. ಮೂರನೆಯದಕ್ಕೆ ಡ್ರಿಲ್ಲಿಂಗ್ ಮೆಷಿನ್ನಿನ ಭಾಗ ಎಂದು ಬರೆಸಿ, ಮುಂದಿನದರ ಜೊತೆಗೇ ಒಯ್ಯುತ್ತೇನೆಂದ. ಆ ಮೂರನೆಯದನ್ನು ನಾನೇ ಕೈಗೆತ್ತಿಕೊಂಡು, ಜೇಬಿನಲ್ಲಿದ್ದ ಅಳತೆಪಟ್ಟಿ ಹಿಡಿದು, "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಗಿರಿಜಮ್ಮ, ಮುದ್ರೆ ಒತ್ತಬಹುದು" ಎಂದಿದ್ದೆ. ಹೊಗಳಿದ್ದೆ. ಈ ಮಾತನ್ನು ಬಚ್ಚಿಡದೆ ಬರೆಯಬೇಕು.

ಹಬ್ಬಕ್ಕೆ ಹನ್ನೊಂದು ದಿನವಿತ್ತು. ಬೆಳಗಿನ ಹತ್ತು ಗಂಟೆ. ನಾಲ್ಕನೆಯದು ಆಗ ತಾನೇ ಮುಗಿದಿತ್ತು, ಗೋಡೆಯದೂ ಗಿರಾಕಿಯದೂ. ಚೀಟಿಯಲ್ಲಿ 'ಮಗುವಿನ ಆಟಿಕೆ' ಎಂದಿತ್ತು. ಅದನ್ನು ಮೊಳೆಗೆ ತಗುಲಿಸಲು ಕೈಯೆತ್ತಿದ ಗಿರಿಜಮ್ಮ ಹಾಗೇ ನಿಂತುಬಿಟ್ಟರು. ಕೈ ಇಳಿಯಲಿಲ್ಲ.

"ಸಾರ್, ಸ್ವಲ್ಪ ಬನ್ನಿ ಇಲ್ಲಿ. ನನಗೆ ಕಾಣ್ತಿರೋದು ನಿಮಗೂ ಕಾಣತ್ತಾ ನೋಡಿ."

ನೋಡಿದೆ. ಒಂದೇ ಮೊಳೆಯಲ್ಲಿ ಮೂರು ತುಂಡುಗಳು ಒಂದಕ್ಕೊಂದು ಒರಗಿ ತೂಗುತ್ತಿದ್ದವು, ನಾಲ್ಕನೆಯದು ಅವರ ಕೈಯಲ್ಲಿ ಅವುಗಳ ಪಕ್ಕಕ್ಕಿತ್ತು. ಒಂದೊಂದಾಗಿ ಅವು ಏನೂ ಅಲ್ಲ. ಒಟ್ಟಿಗೆ ಕಂಡಾಗ ಅದೊಂದು ಕೈಬಂದೂಕಿನ ಮೈ. ನಾನು ನನ್ನ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡೆ; ಏಕೆ ಒರೆಸಿಕೊಂಡೆನೋ ತಿಳಿಯದು.

ಇದರ ಬಗ್ಗೆ ನಾನು ಪತ್ರಿಕೆಯಲ್ಲಿ ಓದಿದ್ದೆ, ದೂರದ ಸುದ್ದಿಯನ್ನು ಓದುವ ಹಾಗೆ. ಹೊರದೇಶಗಳಲ್ಲಿ ಮನೆಯ ಪ್ರಿಂಟರಿನಲ್ಲೇ ಬಂದೂಕು ಮಾಡಿಕೊಳ್ಳುತ್ತಿದ್ದಾರಂತೆ, ಅದಕ್ಕೆ ನಂಬರೂ ಇಲ್ಲ, ಮುದ್ರೆಯೂ ಇಲ್ಲ. ಅಂಥ ಆಕಾರವನ್ನು ಗುರುತಿಸಿ ತಾನೇ ನಿಂತುಬಿಡುವಂತೆ ಯಂತ್ರವನ್ನು ಮಾಡಬೇಕೆಂದು ಕೆಲವರು, ಪ್ರಿಂಟರ್ ಕೊಳ್ಳುವವರ ಹೆಸರು ದಾಖಲಾಗಬೇಕೆಂದು ಕೆಲವರು, ನಕ್ಷೆ ಹಂಚುವುದೂ ಮಾತಾಡುವುದೂ ಒಂದೇ, ಅದಕ್ಕೆ ತಡೆ ಕೂಡದೆಂದು ಮತ್ತೆ ಕೆಲವರು ವಾದಿಸುತ್ತಿದ್ದಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಬಂದೂಕು ಮಾಡುವುದೇ ಅಪರಾಧ, ಯಾತರಿಂದ ಮಾಡಿದರೂ ಅಷ್ಟೇ. ನಾನು ಮುದ್ರೆಯ ಇಲಾಖೆಯವನು, ನಿಯಂತ್ರಣ ಬೇಡವೆನ್ನುವವರ ಪಕ್ಕದಲ್ಲಿ ನಿಲ್ಲಲಾರೆ. ಆದರೆ ಮುದ್ರೆಯ ಅಳತೆಯೂ ನನಗೆ ಗೊತ್ತು. ಅಂಗಡಿಯ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಒತ್ತಬಹುದು. ಮಿಕ್ಕ ದಿನಗಳಲ್ಲಿ ಅದನ್ನು ಹಿಡಿದಿರುವುದು ಅಂಗಡಿಯವನ ಕೈ. ಇನ್ನು ಮನೆಯೊಳಗಿನ ತಕ್ಕಡಿಯ ತಂಟೆಗೆ ನಮ್ಮ ಇಲಾಖೆ ಹೋದದ್ದೇ ಇಲ್ಲ. ಪ್ರಿಂಟರ್ ಇಟ್ಟವರೆಲ್ಲ ದಾಖಲಾಗಿ ಎಂದರೆ ಮೊದಲ ಸಾಲಿನಲ್ಲಿ ನಿಲ್ಲುವವರು ಗಿರಿಜಮ್ಮ, ಸಾಲಿಗೆ ಬಾರದೆ ಉಳಿಯುವವನು ಸುರೇಶ. ಹಾಗೆಂದು ಸಾಲೇ ಬೇಡವೆ? ಬೇಕು. ಯೋಚನೆ ಇಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲುತ್ತದೆ. ಆ ಯಂತ್ರವಾದರೋ ಗಿಳಿಯನ್ನು ಎಷ್ಟು ಪ್ರೀತಿಯಿಂದ ಸುತ್ತಿತ್ತೋ ಇದನ್ನೂ ಅಷ್ಟೇ ಪ್ರೀತಿಯಿಂದ ಸುತ್ತಿತ್ತು.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು.

"ಆಯ್ತಾ ಮೇಡಂ?" ಎಂದು ನಗುತ್ತಾ ಬಂದ.

"ಆಗಿದೆ. ಕೊಡಲ್ಲ."

"ಯಾಕೆ, ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗೇ ಬಂದಿದೆ. ಅದಕ್ಕೇ ಕೊಡಲ್ಲ."

ಅವನು ಗೋಡೆಯತ್ತ ನೋಡಿದ. "ಅಯ್ಯೋ ಅಕ್ಕ, ಅದು ಆಟದ ಸಾಮಾನು. ಅಣ್ಣನ ಮಗನಿಗೆ."

"ಆಟದ್ದಾದ್ರೆ ಮಿಕ್ಸಿ ಅಂತ ಯಾಕೆ ಬರೆಸಿದ್ರಿ? ಆಮೇಲೆ ಕ್ಯಾಮೆರಾ, ಆಮೇಲೆ ಡ್ರಿಲ್ಲು. ಒಂದು ಆಟದ ಸಾಮಾನಿಗೆ ನಾಲ್ಕು ಸುಳ್ಳು ಬೇಕಾ?"

"ಬರೀ ಪ್ಲಾಸ್ಟಿಕ್ ಅಕ್ಕ. ಅದರಿಂದ ಏನಾಗತ್ತೆ?"

"ಏನೂ ಆಗಲ್ಲ ಅನ್ನೋ ಹಾಗಿದ್ರೆ ತಗೊಂಡೋದ ಎರಡನ್ನೂ ವಾಪಸ್ ತಂದ್ಕೊಡಿ."

ಅವನ ನಗು ಹೋಗಲಿಲ್ಲ, ಇದ್ದಲ್ಲೇ ಗಟ್ಟಿಯಾಯಿತು. ನನ್ನನ್ನೂ ಒಮ್ಮೆ ನೋಡಿದ. "ನಿಮ್ಮಂಥ ಅಂಗಡಿ ಊರಲ್ಲಿ ಬೇಕಾದಷ್ಟಿವೆ ಮೇಡಂ" ಎಂದು ಹೇಳಿ, ಅವಸರವಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಬಲಗಾಲನ್ನು ಸ್ವಲ್ಪ ಹೊರಕ್ಕೆ ಹಾಕಿ ನಡೆಯುತ್ತಿದ್ದ. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ ಇತ್ತು. ನನ್ನ ಕಣ್ಣು ತನ್ನ ಹಳೆಯ ಉದ್ಯೋಗ ಮಾಡುತ್ತಿತ್ತು.

ಒಳಗಿಂದ ಗಿರಿಜಮ್ಮನ ಗಂಡ ಬಸವರಾಜು ಬಂದು, ಎಲ್ಲ ಕೇಳಿಸಿಕೊಂಡು, ಬಾಗಿಲನ್ನು ಅರ್ಧ ಎಳೆದರು. "ಗಿರಿಜಾ, ಇದನ್ನೆಲ್ಲ ಚೂರು ಚೂರು ಮಾಡಿ ಎಸೆದ್ಬಿಡು. ಮುಗೀತು."

"ಸ್ಟೇಷನ್ನಿಗೆ ಹೋಗಬೇಕು ರೀ."

"ಹೋಗು. ಮಾಡಿದ್ದು ಯಾರಮ್ಮಾ ಅಂತ ಮೊದಲು ಕೇಳ್ತಾರೆ. ನಾನೇ ಸಾರ್ ಅಂತೀಯ. ಮೆಷಿನ್ ಎತ್ಕೊಂಡೋಗ್ತಾರೆ. ಹಬ್ಬದ ಅಚ್ಚು ಯಾರು ಮಾಡ್ತಾರೆ, ನಿಮ್ಮಪ್ಪಾನಾ?"

ಅವರು ನನ್ನತ್ತ ತಿರುಗಿದರು. ಆ ಮನೆ ನಡೆಯುತ್ತಿದ್ದದ್ದೇ ಆ ಯಂತ್ರದಿಂದ, ವರ್ಷದ ಮುಖ್ಯ ಕೆಲಸವೇ ಸಂಕ್ರಾಂತಿಯದು. ಒಪ್ಪಿಕೊಂಡ ಅಚ್ಚುಗಳ ಪಟ್ಟಿ ಮೂರು ಪುಟವಿತ್ತು. ಮೂವತ್ತು ವರ್ಷ ಸರ್ಕಾರದ ಮುದ್ರೆ ಹಿಡಿದು ತಿರುಗಿದ ನಾನು ಹೇಳಿದ್ದಿಷ್ಟು: "ಬಸವರಾಜು ಹೇಳೋದೂ ಸರಿಯೇ ಗಿರಿಜಮ್ಮ. ಹಬ್ಬ ಕಳೀಲಿ. ಸುಮ್ಮನಿರಿ."

ಗಿರಿಜಮ್ಮ ನಾಲ್ಕು ಚೀಟಿಗಳನ್ನೂ ಒಂದೊಂದಾಗಿ ಓದಿದರು. ಅಕ್ಷರ ಅವರದೇ.

"ಗೋಡೆ ಮೇಲಿರೋದನ್ನ ಎಸೀಬಹುದು ಸಾರ್. ಅವನ ಹತ್ರ ಇರೋದನ್ನ ಹೆಂಗ್ ಎಸೀತೀರಿ? ಎರಡು ನನ್ನ ಕೈಯಿಂದ ಹೋಗಿದೆ. ಮಿಕ್ಕ ಎರಡನ್ನ ಇನ್ನೆಲ್ಲೋ ಮಾಡಿಸ್ಕೋತಾನೆ. ಯಾರ್ಗೋ ಏನೋ ಆದ ದಿನ, ಪೇಪರಲ್ಲಿ ಫೋಟೋ ನೋಡಿ ನಾನು ಇದು ನಂದು ಅಂತ ಗುರುತು ಹಿಡಿಬೇಕಾ?"

ಬಸವರಾಜು ಅರ್ಧ ಎಳೆದಿದ್ದ ಬಾಗಿಲನ್ನು ಮತ್ತೆ ತೆರೆದರು. "ತಡಿ, ಆಟೋ ಕರೀತೀನಿ. ಮೆಷಿನ್ ನೀನೊಬ್ಬಳೇ ಎತ್ತಕ್ಕಾಗಲ್ಲ" ಎಂದರು. ಪೊಲೀಸರು ಕೇಳುವ ಮೊದಲೇ ಯಂತ್ರವನ್ನು ಕೊಂಡೊಯ್ಯುವುದೆಂದು ಗಂಡಹೆಂಡಿರು ಒಂದು ಮಾತೂ ಆಡದೆ ತೀರ್ಮಾನಿಸಿದ್ದರು. ಅವರಿಬ್ಬರೂ ಎರಡು ಕಡೆ ಹಿಡಿದು, ಮದುವೆಯ ಹೆಣ್ಣನ್ನು ಕಳಿಸುವಾಗಿನ ಜಾಗ್ರತೆಯಿಂದ ಅದನ್ನು ಆಟೋಕ್ಕೆ ಏರಿಸಿದರು. ಮೊಳೆಯ ನಾಲ್ಕು ತುಂಡು, ಗಿರಾಕಿಗೆಂದು ತೆಗೆದಿರಿಸಿದ್ದ ಎರಡು, ಎಲ್ಲವೂ ಒಂದು ಸ್ಟೀಲ್ ಡಬ್ಬಿಯಲ್ಲಿ. ಗಿರಿಜಮ್ಮ ನನ್ನನ್ನು ಬನ್ನಿ ಎಂದು ಕರೆಯಲಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ. ಆಟೋದಲ್ಲಿ ಉಳಿದಿದ್ದ ಅಂಗೈಯಗಲದ ಜಾಗದಲ್ಲಿ ನಾನೂ ತೂರಿಕೊಂಡೆ.

ಠಾಣೆಯಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಡಬ್ಬಿ ತೆರೆದು ನೋಡಿ ಎದ್ದು ನಿಂತರು.

"ಇದನ್ನ ಮಾಡಿದ್ದು ಯಾರಮ್ಮ?"

"ನಾನೇ ಸಾರ್."

ಬಸವರಾಜು ನನ್ನ ಮುಖ ನೋಡಿದರು.

ಆಮೇಲಿನ ಮೂರು ಗಂಟೆ ಗಿರಿಜಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಏನನ್ನೂ ಕಡಿಮೆ ಮಾಡದೆ, ತಮ್ಮ ಪಾಲಿನದನ್ನು ಬೇರೆಯವರ ಮೇಲೆ ಹಾಕದೆ. ಫೈಲು ಬಂದ ನಂಬರು ಕೊಟ್ಟರು. ನಾಲ್ಕು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಆ ಮನುಷ್ಯನ ಚಹರೆ ಕೇಳಿದಾಗ ನಾನು ಮುಂದೆ ಬಂದು ಹುಬ್ಬಿನ ಗೆರೆಯನ್ನೂ ನಡಿಗೆಯನ್ನೂ ಹೇಳಿ ಸಹಿ ಹಾಕಿದೆ. ಮೊದಲು ಸುಮ್ಮನಿರಿ ಎಂದವನೂ ನಾನೇ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕಾನೂನು ಬರೆಯುವವರು ಬರೆಯಲಿ, ಅದು ಬೇಕು. ಆದರೆ ಆ ದಿನ ಯಾವ ಕಾನೂನೂ ಆ ಅಂಗಡಿಯ ಬಾಗಿಲು ತಟ್ಟಿರಲಿಲ್ಲ. ತನ್ನ ಕೈಕೆಲಸಕ್ಕೆ ತಾನೇ ಸಾಕ್ಷಿ ಹೇಳಲು ಹೊರಟ ಒಬ್ಬ ಹೆಂಗಸು, ತನ್ನ ಅನ್ನದ ಯಂತ್ರವನ್ನು ತಾನೇ ಹೊತ್ತು ಬಂದಿದ್ದಳು. ನನ್ನ ಇಲಾಖೆಯ ಅಷ್ಟೂ ವರ್ಷಗಳಲ್ಲಿ, ನನ್ನ ತೂಕದ ಬಟ್ಟು ಕಡಿಮೆ ತೂಗುತ್ತಿದೆ ನೋಡಿ ಎಂದು ತಾನಾಗಿ ಕಚೇರಿಗೆ ಬಂದ ಒಬ್ಬನನ್ನೂ ನಾನು ಕಂಡಿಲ್ಲ.

ಯಂತ್ರ ಠಾಣೆಯಲ್ಲೇ ಉಳಿಯಿತು. ಅಟ್ಟದಿಂದ ಮಾವನ ಮರದಚ್ಚುಗಳು ಇಳಿದವು, ಸವೆದು ಮೊಂಡಾಗಿದ್ದವು. ಪಟ್ಟಿಯಲ್ಲಿದ್ದವರಲ್ಲಿ ಅರ್ಧ ಜನ ಬೇರೆ ಕಡೆ ಹೋದರು. ಉಳಿದವರಿಗೆ ಗಂಡಹೆಂಡಿರು ಸೇರಿ ಪಾಕ ಕಾಯಿಸಿ ಗಿಳಿ, ಆನೆ ಮಾಡಿ ಕೊಟ್ಟರು. ಹಬ್ಬವಾಗಿ ಎಂಟು ದಿನದ ಮೇಲೆ, ನಾನು ಅಂಗಡಿಯಲ್ಲಿದ್ದಾಗಲೇ, ಗಿರಿಜಮ್ಮನ ಫೋನು ಬಂತು. ಠಾಣೆಯಿಂದ. ಅವರು ಎದ್ದು ನಿಂತೇ ಮಾತಾಡಿದರು.

"ಹೌದು ಸಾರ್... ಸಿಕ್ಕಿದ್ನಾ?... ಎರಡೂ ಇತ್ತಾ ಸಾರ್? ಎರಡೂ?... ಬಿಡಿಬಿಡಿಯಾಗೇ ಇತ್ತಾ, ಜೋಡಿಸಿರಲಿಲ್ವಾ?... ಸರಿ ಸಾರ್. ಸರಿ."

ಫೋನು ಇಟ್ಟು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತರು. ಸೆರಗಿನಿಂದ ಮುಖ ಒತ್ತಿಕೊಂಡರು. ಬಸವರಾಜು ಒಳಗಿಂದ ಓಡಿ ಬಂದು, "ಏನಂದ್ರು? ಮೆಷಿನ್ ಯಾವಾಗ ಕೊಡ್ತಾರಂತೆ?" ಎಂದು ಕೇಳಿದರು.

ಗಿರಿಜಮ್ಮ ಸೆರಗು ಸರಿಸಿ ಅವರನ್ನು ನೋಡಿದರು.

"ಅಯ್ಯೋ," ಎಂದರು, "ಅದನ್ನ ಕೇಳೋದೇ ಮರ್ತೋಯ್ತು ಕಣ್ರೀ."